ಇಬ್ಬರೇ ತುಂಬಿದ ಅಂತರಿಕ್ಷ

ಪ್ರಶ್ನೆ: ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಇಂಟರ್‌ಸ್ಟೆಲ್ಲರ್ ಸ್ಪೇಸ್' ಆಲ್ಬಮ್ ಕೇಳಿದೆ. ಒಬ್ಬರು ಸ್ಯಾಕ್ಸೊಫೋನ್, ಒಬ್ಬರು ಡ್ರಮ್ಸ್, ಅಷ್ಟೇ. 'ಮಾರ್ಸ್' ಮುಗಿಯುವ ಹೊತ್ತಿಗೆ ತಲೆ ಗಿಮ್ ಅಂತು. ಹಿಡಿದುಕೊಳ್ಳಲು ಟ್ಯೂನ್ ಇಲ್ಲ, ಕಾಲು ಕುಣಿಸಲು ಬೀಟ್ ಇಲ್ಲ. ಗ್ರಹಗಳ ಹೆಸರು ಸುಮ್ನೆ ಇಟ್ಟಿದ್ದಾರಾ?

ಉತ್ತರ: ಮೊದಲ ಸಲ ಕೇಳುವ ಎಲ್ಲರಿಗೂ ಹಾಗೇ ಆಗುತ್ತದೆ. ಗ್ರಹಗಳ ಚಿತ್ರವನ್ನು ಇಲ್ಲಿ ಹುಡುಕಬೇಡಿ. ಮಂಗಳ ಕೆಂಪಗಿದೆ, ಶನಿಗೆ ಬಳೆಗಳಿವೆ ಎಂದು ಹೇಳಲು ಈ ಸಂಗೀತ ಹೊರಟಿಲ್ಲ. ಆ ಕೋಣೆಯಲ್ಲಿ ಯಾರು ಇಲ್ಲ ಅನ್ನುವುದನ್ನು ಗಮನಿಸಿ, ಅಂತರಿಕ್ಷ ಅಲ್ಲೇ ಸಿಗುತ್ತದೆ. ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಇಲ್ಲ, ಪಿಯಾನೊ ಇಲ್ಲ. ಜಾಝ್‌ನಲ್ಲಿ ಬಾಸ್ ಅಂದರೆ ಕಾಲ ಕೆಳಗಿನ ನೆಲ. ಯಾವ ಸ್ವರ ಒಳಗೆ, ಯಾವುದು ಹೊರಗೆ ಅಂತ ಗೆರೆ ಎಳೆಯುವುದು ಪಿಯಾನೊ. ಎರಡನ್ನೂ ತೆಗೆದ ಮೇಲೆ ಕೋಲ್ಟ್ರೇನ್ ಯಾವ ಕಡೆಗೆ ಹೋದರೂ ತಪ್ಪು ಅಂತ ತೋರಿಸುವವರು ಯಾರೂ ಉಳಿಯಲಿಲ್ಲ.

ಈ ರೆಕಾರ್ಡಿಂಗ್ ನಡೆದದ್ದು 1967ರ ಫೆಬ್ರವರಿ 22ರಂದು. ಜಾಗ ನ್ಯೂಜೆರ್ಸಿಯ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊ. ಮರದ ಎತ್ತರದ ಚಾವಣಿಯ ಆ ಕೋಣೆಯಲ್ಲೇ 1964ರಲ್ಲಿ ಕೋಲ್ಟ್ರೇನ್ 'ಎ ಲವ್ ಸುಪ್ರೀಮ್' ಕೂಡ ನುಡಿಸಿದ್ದರು. ಡ್ರಮ್ಮರ್ ರಶೀದ್ ಅಲಿಗೆ ಅವತ್ತು ಇಬ್ಬರೇ ನುಡಿಸುವುದು ಎಂದು ಗೊತ್ತೇ ಇರಲಿಲ್ಲ. ಉಳಿದವರು ಎಲ್ಲಿ ಎಂದು ಕೇಳಿದಾಗ, ನಾನು ಮತ್ತು ನೀನು ಮಾತ್ರ ಎಂದು ಕೋಲ್ಟ್ರೇನ್ ಹೇಳಿದರಂತೆ. ರಶೀದ್ ಮುಂದೆ ಸಂದರ್ಶನಗಳಲ್ಲಿ ಇದನ್ನು ನೆನೆಸಿಕೊಂಡಿದ್ದಾರೆ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ತಯಾರಿ ಮಾಡಿಕೊಂಡು ಬಂದಿದ್ದರೆ ಅವರು ಬರೀ ಜೊತೆಗೆ ಬಾರಿಸುತ್ತಿದ್ದರೋ ಏನೋ. ಇಲ್ಲಿ ಅವರು ಅರ್ಧ ಸಂಗೀತವನ್ನೇ ಕಟ್ಟಿದ್ದಾರೆ.

ಬೀಟ್ ಇಲ್ಲ ಅಂದಿರಲ್ಲ, ಅದಕ್ಕೆ ಬರುತ್ತೇನೆ. ರಶೀದ್ ಒಂದು, ಎರಡು, ಮೂರು ಅಂತ ಎಣಿಸಿಕೊಡುವುದಿಲ್ಲ. ಅವರ ಪೆಟ್ಟುಗಳು ಏರುತ್ತವೆ, ದಟ್ಟವಾಗುತ್ತವೆ, ಇದ್ದಕ್ಕಿದ್ದಂತೆ ತೆಳ್ಳಗಾಗುತ್ತವೆ. ಒಂದೇ ಸಲಕ್ಕೆ ಹಲವು ದಿಕ್ಕಿಗೆ ಹರಿಯುವ ಲಯ ಅದು. ಇಂಥ ಡ್ರಮ್ಸ್ ಇದ್ದರೆ ತಾನು ಯಾವ ಕ್ಷಣದಲ್ಲಿ ಯಾವ ಕಡೆ ತಿರುಗಿದರೂ ಹೊಂದುತ್ತದೆ ಎಂಬ ನಂಬಿಕೆ ಕೋಲ್ಟ್ರೇನ್‌ಗೆ ಇತ್ತು. 1965ರ ನವೆಂಬರ್‌ನಲ್ಲಿ 'ಮೆಡಿಟೇಷನ್ಸ್' ಆಲ್ಬಮ್‌ಗಾಗಿ ತಂಡದ ಡ್ರಮ್ಮರ್ ಎಲ್ವಿನ್ ಜೋನ್ಸ್ ಪಕ್ಕದಲ್ಲಿ ರಶೀದ್ ಅವರನ್ನೂ ಕೂರಿಸಿದ್ದರು. ಮರುವರ್ಷದ ಆರಂಭದಲ್ಲಿ ಎಲ್ವಿನ್ ತಂಡ ಬಿಟ್ಟರು. ಎಲ್ವಿನ್ ನನಗೆ ಪ್ರಾಣ. ಆದರೂ 'ಮಾರ್ಸ್'ನಲ್ಲಿ ಅವರನ್ನು ಊಹಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಟ್ಯೂನ್ ವಿಷಯಕ್ಕೆ ಒಂದು ದಾರಿ ಹೇಳುತ್ತೇನೆ. 'ಮಾರ್ಸ್'ನಲ್ಲಿ ಕೋಲ್ಟ್ರೇನ್ ಕೆಲವೇ ಸ್ವರಗಳ ಸಣ್ಣ ತುಣುಕು ಹಿಡಿಯುತ್ತಾರೆ. ಅದನ್ನು ಬೇರೆ ಬೇರೆ ಎತ್ತರಕ್ಕೆ ಒಯ್ಯುತ್ತಾರೆ, ಹಿಂಡುತ್ತಾರೆ, ಎಳೆಯುತ್ತಾರೆ. ಮಂದ್ರದಲ್ಲಿ ಒಂದು ಮಾತು, ತಕ್ಷಣ ತಾರದಲ್ಲಿ ಅದಕ್ಕೆ ಜವಾಬು. ಒಂದೇ ಟೆನರ್ ಸ್ಯಾಕ್ಸೊಫೋನ್, ಇಬ್ಬರು ವಾದಕ್ಕೆ ಬಿದ್ದ ಹಾಗೆ ಕೇಳುತ್ತದೆ. ಆ ತುಣುಕು ಕಿವಿಗೆ ಸಿಕ್ಕಿತು ಅಂದರೆ ಉಳಿದ ಗದ್ದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಡುಗಳ ಮೊದಲಲ್ಲಿ, ಕೊನೆಯಲ್ಲಿ ಕೇಳುವ ಸಣ್ಣ ಗಂಟೆಗಳನ್ನು ಆಡಿಸುವವರೂ ಕೋಲ್ಟ್ರೇನೇ. ಗಂಟೆ ಕೇಳಿದರೆ ದಾರಿ ಗೊತ್ತಾಗುತ್ತದೆ: ಹೊರಟರು, ಬಂದು ಸೇರಿದರು.

ಪ್ರಶ್ನೆ: ಇಷ್ಟು ದೊಡ್ಡವರ ಆಲ್ಬಮ್ ಹೊರಬಂದದ್ದು 1974ರಲ್ಲಿ. ಆಗ ಅವರೇ ಇರಲಿಲ್ಲ. ಇದರಿಂದ ಯಾರಾದರೂ ಏನಾದರೂ ಕಲಿತರಾ?

ಉತ್ತರ: ಖಂಡಿತ. ಆ ಸೆಷನ್ ನಂತರ ಕೋಲ್ಟ್ರೇನ್ ಬದುಕಿದ್ದು ಐದು ತಿಂಗಳೂ ಅಲ್ಲ. ಲಿವರ್ ಕ್ಯಾನ್ಸರ್‌ನಿಂದ 1967ರ ಜುಲೈ 17ರಂದು ತೀರಿಕೊಂಡಾಗ ಅವರಿಗೆ ಇನ್ನೂ 40. ಟೇಪು ಏಳು ವರ್ಷ ಹೊರಗೆ ಬರಲಿಲ್ಲ. ಕೊನೆಗೆ ಇಂಪಲ್ಸ್ ರೆಕಾರ್ಡ್ ಕಂಪನಿ ನಾಲ್ಕು ಹಾಡುಗಳ ಎಲ್‌ಪಿ ತಂದಿತು: 'ಮಾರ್ಸ್', 'ವೀನಸ್', 'ಜೂಪಿಟರ್', 'ಸ್ಯಾಟರ್ನ್'.

ಆದರೆ ರಶೀದ್ ಅದಕ್ಕಾಗಿ ಕಾಯುತ್ತಾ ಕೂರಲಿಲ್ಲ ನೋಡಿ. ತಮ್ಮದೇ ಸರ್ವೈವಲ್ ಲೇಬಲ್ ಶುರು ಮಾಡಿ, ಸ್ಯಾಕ್ಸೊಫೋನ್ ವಾದಕ ಫ್ರ್ಯಾಂಕ್ ಲೋ ಜೊತೆ 'ಡ್ಯುಯೊ ಎಕ್ಸ್‌ಚೇಂಜ್' ಆಲ್ಬಮ್ ತಂದರು. ಅದು 1973. ಅಂದರೆ ಕೋಲ್ಟ್ರೇನ್ ಜೊತೆಗಿನ ಡ್ಯುಯೆಟ್ ಜಗತ್ತು ಕೇಳುವುದಕ್ಕೂ ಮೊದಲು ಅದರ ಮುಂದಿನ ಹೆಜ್ಜೆ ಅಂಗಡಿಗೆ ಬಂದಿತ್ತು! ಈ ಪರಂಪರೆಯ ಬಗ್ಗೆ ಬರೆಯುವವರು ರಶೀದ್ ಹೆಸರನ್ನು ಎರಡನೆಯ ಸಾಲಿಗೆ ತಳ್ಳುವುದು ನನಗೆ ಇವತ್ತಿಗೂ ಬೇಸರ. ಮುಂದೆ ಸ್ಯಾಕ್ಸೊಫೋನ್ ಮತ್ತು ಡ್ರಮ್ಸ್ ಜೋಡಿ ಅನ್ನುವುದೇ ಒಂದು ರೂಪವಾಗಿ ಬೆಳೆಯಿತು. ಮ್ಯಾಕ್ಸ್ ರೋಚ್ ಅಂಥ ಹಿರಿಯ ಡ್ರಮ್ಮರ್ ಕೂಡ ಸ್ಯಾಕ್ಸೊಫೋನ್ ವಾದಕರಾದ ಆರ್ಚಿ ಶೆಪ್ ಜೊತೆ, ಆಂಥನಿ ಬ್ರಾಕ್ಸ್‌ಟನ್ ಜೊತೆ ಡ್ಯುಯೆಟ್ ನುಡಿಸಿದರು. 1999ರಲ್ಲಿ ಗಿಟಾರ್ ವಾದಕ ನೆಲ್ಸ್ ಕ್ಲೈನ್ ಮತ್ತು ಡ್ರಮ್ಮರ್ ಗ್ರೆಗ್ ಬೆಂಡಿಯನ್ ಈ ಸಂಗೀತವನ್ನು ಸ್ಯಾಕ್ಸೊಫೋನ್ ಇಲ್ಲದೆಯೇ ಮತ್ತೆ ನುಡಿಸಿದರು. ಗಿಟಾರ್‌ನಲ್ಲೂ ಅದು ನಿಂತಿತು.

ಪ್ರಶ್ನೆ: ಹೊಸಬರು ಎಲ್ಲಿಂದ ಶುರು ಮಾಡಬೇಕು?

ಉತ್ತರ: 'ಮಾರ್ಸ್' ಬಿಟ್ಟು 'ವೀನಸ್'ನಿಂದ. ರಶೀದ್ ಅಲ್ಲಿ ಕೋಲಿನ ಬದಲು ಮೆತ್ತನೆ ಪೆಟ್ಟಿನ ಬ್ರಷ್ ಹಿಡಿದಿದ್ದಾರೆ, ಟ್ಯೂನ್ ಕೂಡ ಸ್ಪಷ್ಟವಾಗಿ ಕೇಳುತ್ತದೆ. ಇದೇ ಟ್ಯೂನನ್ನು ಕೋಲ್ಟ್ರೇನ್ ಒಂದು ವಾರ ಮೊದಲು, ಫೆಬ್ರವರಿ 15ರಂದು, ಹೆಂಡತಿ ಆಲಿಸ್ ಕೋಲ್ಟ್ರೇನ್ ಪಿಯಾನೊ ಮತ್ತು ಜಿಮ್ಮಿ ಗ್ಯಾರಿಸನ್ ಬಾಸ್ ಜೊತೆಗೂ ನುಡಿಸಿದ್ದರು. ಡ್ರಮ್ಸ್‌ನಲ್ಲಿ ರಶೀದ್ ಅವರೇ. ಅದು 1995ರಲ್ಲಿ 'ಸ್ಟೆಲ್ಲರ್ ರೀಜನ್ಸ್' ಹೆಸರಿನಲ್ಲಿ ಬಂತು. ಮೊದಲು ಅದನ್ನು ಕೇಳಿ, ತಕ್ಷಣ 'ವೀನಸ್' ಹಾಕಿ. ಪಿಯಾನೊ, ಬಾಸ್ ತೆಗೆದದ್ದರಿಂದ ಏನಾಯಿತು ಎಂದು ನಾನು ಮೇಲೆ ಉದ್ದಕ್ಕೆ ಬರೆದದ್ದು ನಿಮ್ಮ ಕಿವಿಗೇ ತಿಳಿಯುತ್ತದೆ. ಕೊಳ್ಳುವುದಾದರೆ 2000ನೇ ಇಸವಿಯಲ್ಲಿ ಬಂದ ಸಿಡಿ ಕೊಳ್ಳಿ. ಎಲ್‌ಪಿಯಲ್ಲಿ ಇಲ್ಲದ 'ಲಿಯೊ' ಮತ್ತು 'ಜೂಪಿಟರ್ ವೇರಿಯೇಷನ್' ಅದರಲ್ಲಿವೆ.