ಒಡೆದ ಟೈಲ್ಸಿಗೆ ಜೋಡಿ ಹುಡುಕಿ ಊರೂರು ಅಲೆಯಬೇಡಿ

ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ: ‘ಸರ್, ಫೋಟೊ ಕಳಿಸಿದ್ದೇನೆ, ಈ ಟೈಲ್ಸ್ ಎಲ್ಲಿ ಸಿಗುತ್ತದೆ ಹೇಳಿ.’ ಫೋಟೊದಲ್ಲಿ ಅಳತೆ ಇಲ್ಲ, ದಪ್ಪ ಇಲ್ಲ, ಹಿಂಬದಿಯಂತೂ ಇಲ್ಲವೇ ಇಲ್ಲ. ಟ್ಯೂಬ್‌ಲೈಟಿನ ಬೆಳಕಿಗೆ ಕೆನೆಬಣ್ಣವೂ ನೀಲಿಯಾಗಿ ಕಾಣುತ್ತದೆ. ಅದನ್ನು ನೋಡಿ ಅಂಗಡಿಯ ಹೆಸರು ಹೇಳಲು ನಾನು ಜ್ಯೋತಿಷಿಯಲ್ಲ. ಈ ಸಲ ಒಬ್ಬರಿಗೆ ಪೂರ್ತಿ ಉತ್ತರ ಬರೆದಿದ್ದೇನೆ, ಉಳಿದವರೂ ಅದನ್ನೇ ಓದಿಕೊಳ್ಳಿ.

ಪ್ರಶ್ನೆ: ಮನೆ ಕಟ್ಟಿಸಿದ್ದು 2012ರಲ್ಲಿ. ಪಡಸಾಲೆಗೂ ಮಲಗುವ ಕೋಣೆಗೂ ಎರಡಡಿ ಚೌಕದ ಒಂದೇ ವಿಟ್ರಿಫೈಡ್ ಟೈಲ್ಸ್. ಸಿಲಿಂಡರ್ ಬಿದ್ದು ಪಡಸಾಲೆಯಲ್ಲಿ ಮೂರು ಒಡೆದಿವೆ. ಗಂಗಾವತಿ, ಹೊಸಪೇಟೆ, ಬಳ್ಳಾರಿ ಸುತ್ತಿದೆ, ಎಲ್ಲ ಕಡೆ ‘ಆ ಡಿಸೈನ್ ಬಂದ್ ಆಗಿದೆ’ ಅನ್ನುತ್ತಾರೆ. ಇಡೀ ನೆಲ ಕಿತ್ತು ಹೊಸದು ಹಾಕಿಸಿ ಎನ್ನುತ್ತಾನೆ ಗೌಂಡಿ. ಏನು ಮಾಡಲಿ?
– ಕಾರಟಗಿಯ ಓದುಗರು

ಉತ್ತರ: ಮೊದಲು ಗೌಂಡಿಗೆ ಚಹಾ ಕುಡಿಸಿ ಕಳಿಸಿಕೊಡಿ. ಮೂರು ಟೈಲ್ಸಿಗಾಗಿ ಇಡೀ ನೆಲ ಕೀಳುವುದು ಅವನ ಕೂಲಿಗೆ ಒಳ್ಳೆಯದು, ನಿಮ್ಮ ಜೇಬಿಗಲ್ಲ.

ಅಂಗಡಿ ಸುತ್ತುವುದನ್ನೂ ನಿಲ್ಲಿಸಿ. ದೇಶದ ಟೈಲ್ಸ್ ಉದ್ಯಮದ ದೊಡ್ಡ ಪಾಲು ಗುಜರಾತಿನ ಮೋರ್ಬಿಯಲ್ಲಿದೆ. ಅಲ್ಲಿ ಡಿಸೈನುಗಳು ಸೀರೆಯ ಅಂಚಿನ ಹಾಗೆ ಬದಲಾಗುತ್ತವೆ. ಅದೇ ಹೆಸರಿನ ಮಾಲು ಎಲ್ಲೋ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಸುಮಾರು 1200 ಡಿಗ್ರಿಯಲ್ಲಿ ಬೇಯುವ ವಸ್ತು ಅದು. ಒಂದು ಬ್ಯಾಚಿನ ಬಣ್ಣ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ, ಅಳತೆಯಲ್ಲೂ ಚೂರು ಹೆಚ್ಚುಕಡಿಮೆ ಇರುತ್ತದೆ. ಡಬ್ಬಿಯ ಮೇಲೆ ಶೇಡ್ ನಂಬರು, ಬ್ಯಾಚ್ ನಂಬರು ಹಾಕುವುದು ಅದಕ್ಕೇ. ಸಂದಿಯೇ ಬಿಡದೆ ಕೂರಿಸಿದ ನೆಲದಲ್ಲಿ ಒಂದು ಮಿಲಿಮೀಟರ್ ಹೆಚ್ಚಾದರೂ ಹೊಸದು ಒಳಗೆ ಇಳಿಯುವುದಿಲ್ಲ.

ನಿಮಗೆ ಬೇಕಾದ ಜೋಡಿ ನಿಮ್ಮ ಮನೆಯಲ್ಲೇ ಇದೆ. ಸಜ್ಜದ ಮೇಲೆ, ಮಾಳಿಗೆಯ ಟ್ಯಾಂಕಿನ ಬುಡದಲ್ಲಿ ಉಳಿದ ತುಂಡುಗಳಿವೆಯೇ ನೋಡಿ. ಇಲ್ಲದಿದ್ದರೆ ಮಲಗುವ ಕೋಣೆಯ ಮಂಚ, ಕಪಾಟು ಸರಿಸಿ. ಅಲ್ಲಿನ ಟೈಲ್ಸ್ ಪಡಸಾಲೆಗೆ ಬರಲಿ, ಬಣ್ಣ ಹತ್ತಿರವಿರುವ ಹೊಸದು ಮಂಚದ ಕೆಳಗೆ ಹೋಗಲಿ. ಅಲ್ಲಿ ಯಾರು ನೋಡುತ್ತಾರೆ?

ಒಡೆಯದೆ ತೆಗೆಯುವುದು ಹೇಗೆ ಎನ್ನುತ್ತೀರಿ. ನಾಣ್ಯದಿಂದ ತಟ್ಟುತ್ತಾ ಹೋಗಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ನೂರಕ್ಕೆ 0.5ಕ್ಕಿಂತ ಹೆಚ್ಚಿಲ್ಲ, ಹಾಗಾಗಿ ಬರೀ ಉಸುಕು-ಸಿಮೆಂಟಿನ ಮೇಲೆ ಕೂರಿಸಿದ್ದು ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ. ಪೊಳ್ಳು ಸದ್ದು ಬಂದದ್ದೇ ಸುಲಭವಾಗಿ ಏಳುವಂಥದು. ನಾಲ್ಕೂ ಸಂದಿಯನ್ನು ತೆಳು ಬ್ಲೇಡಿನಿಂದ ಕೊರೆಸಿ, ಪಕ್ಕದ ಒಂದನ್ನು ಬಲಿ ಕೊಟ್ಟು ಆ ಬದಿಯಿಂದ ಚಪ್ಪಟೆ ಉಳಿ ತೂರಿಸಿ ಎಬ್ಬಿಸಬೇಕು. ಮೂರು ಬೇಕಿದ್ದರೆ ನಾಲ್ಕೈದು ಹೋಗುತ್ತವೆಂದೇ ಲೆಕ್ಕ ಹಾಕಿ. ಒಂದು ಸಿಲಿಂಡರಿಗೆ ಮೂರು ಒಡೆದಿವೆ ಎಂದರೆ ನಿಮ್ಮ ಪಡಸಾಲೆಯ ಕೆಳಗೂ ಪೊಳ್ಳಿರಬಹುದು. ಸುತ್ತಲಿನವನ್ನೂ ತಟ್ಟಿ ನೋಡಿ.

ಒಡೆದದ್ದನ್ನು ತೆಗೆಯುವಾಗ ನಡುವಿನಿಂದ ಅಂಚಿನ ಕಡೆಗೆ ಬರಬೇಕು. ಅಂಚಿಗೆ ಮೀಟುಗೋಲು ಕೊಟ್ಟರೆ ಪಕ್ಕದ್ದೂ ಹೋಯಿತು. ಹಳೆಯ ಗಾರೆಯನ್ನು ಟೈಲ್ಸಿನ ದಪ್ಪಕ್ಕಿಂತ ನಾಲ್ಕೈದು ಮಿಲಿಮೀಟರ್ ಆಳಕ್ಕೆ ಕೆತ್ತಿಸಿ, ಟೈಲ್ಸ್ ಅಂಟಿಸುವ ಅಡೆಸಿವ್ ಪೂರ್ತಿ ಬಳಿಸಿ. ಐದು ಉಂಡೆ ಇಟ್ಟು ಒತ್ತುವ ಗೌಂಡಿಯನ್ನು ಅಲ್ಲೇ ನಿಲ್ಲಿಸಿ. ಒಂದು ದಿನ ಯಾರೂ ತುಳಿಯಕೂಡದು. ಕೊನೆಗೆ ಇಡೀ ಕೋಣೆಯ ಸಂದಿಗೆ ಹೊಸ ಗ್ರೌಟ್ ತುಂಬಿಸಿ. ಮೂರಕ್ಕೆ ಮಾತ್ರ ತುಂಬಿಸಿದರೆ ತೇಪೆ ಎದ್ದು ಕಾಣುತ್ತದೆ.

ಮನೆಯಲ್ಲೂ ಸಿಗದಿದ್ದರೆ ಹತ್ತಿರದ ಬಣ್ಣದ್ದನ್ನು ತಂದು ಅಡಗಿಸಲು ಹೋಗಬೇಡಿ, ಕಳ್ಳತನದಂತೆ ಕಾಣುತ್ತದೆ. ಆ ಸಾಲನ್ನೇ ತೆಗೆಸಿ ಇಳಕಲ್ಲಿನ ಕೆಂಪು ಗ್ರಾನೈಟಿನ ಪಟ್ಟಿ ಹಾಕಿಸಿ, ಬೇಕೆಂದೇ ಮಾಡಿಸಿದಂತಿರುತ್ತದೆ. ಗ್ರಾನೈಟ್ ದಪ್ಪ, ಗಾರೆಯನ್ನು ಇನ್ನಷ್ಟು ಆಳಕ್ಕೆ ಕೆತ್ತಬೇಕಾದೀತು.

ಪ್ರಶ್ನೆ: ಮಧ್ಯಾಹ್ನ ‘ಢಬ್’ ಎಂದು ಸದ್ದಾಗಿ ಒಂದು ಸಾಲು ಟೈಲ್ಸ್ ಎದ್ದು ನಿಂತಿವೆ. ಯಾರೋ ಮಾಡಿಸಿದ್ದಾರೆ ಅನ್ನುತ್ತಾರೆ. – ಮಾನ್ವಿ

ಉತ್ತರ: ಮಾಡಿದ್ದು ನಿಮ್ಮ ಗೌಂಡಿ. ರಾಯಚೂರು ಸೀಮೆಯ ಬಿಸಿಲಿಗೆ ಹಿಗ್ಗಲು ಸಂದಿ ಬಿಟ್ಟಿಲ್ಲ. ಮಂತ್ರಿಸಿದ ನಿಂಬೆಹಣ್ಣು ಬೇಡ, ಟೈಲ್ಸ್ ನಡುವೆ ಸಂದಿ ಉಳಿಸುವ ಎರಡು ಮಿಲಿಮೀಟರಿನ ಸ್ಪೇಸರ್ ಇಟ್ಟು, ಗೋಡೆಯ ಬದಿಗೂ ಜಾಗ ಬಿಟ್ಟು ಮತ್ತೆ ಹಾಕಿಸಿ.

ಪ್ರಶ್ನೆ: ಅದಿರಿನ ಧೂಳಿಗೆ ಸಂದಿಯೆಲ್ಲ ಕೆಂಪಾಗಿದೆ. ಆ್ಯಸಿಡ್ ಹಾಕಲೇ? – ಸಂಡೂರು

ಉತ್ತರ: ಬೇಡ. ಧೂಳಿನ ಜೊತೆ ಗ್ರೌಟೂ ಕರಗಿ ಹೋಗುತ್ತದೆ.

ಪ್ರಶ್ನೆ: ಈಶಾನ್ಯದ ಟೈಲ್ಸ್ ಬಿರುಕು ಬಿಟ್ಟಿದೆ, ಶಾಂತಿ ಮಾಡಿಸಬೇಕಂತೆ. – ಸಿರುಗುಪ್ಪ

ಉತ್ತರ: ಆ ದುಡ್ಡಿನಲ್ಲಿ ಟೈಲ್ಸ್ ಬದಲಿಸಿ.

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ಎಷ್ಟು ಟೈಲ್ಸ್ ಉಳಿಸಿಟ್ಟುಕೊಳ್ಳಬೇಕು? – ಕುಷ್ಟಗಿ

ಉತ್ತರ: ಕಡೆಗೂ ಒಬ್ಬರು ಮೊದಲೇ ಕೇಳಿದಿರಿ. ಪ್ರತಿ ಡಿಸೈನಿಗೂ ಅದೇ ಬ್ಯಾಚಿನ ಎರಡು ಡಬ್ಬಿ ಒಡೆಯದೆ ಇಡಿ, ಡಬ್ಬಿಯ ಮೇಲಿನ ನಂಬರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಉಳಿದಿವೆಯಲ್ಲ ಎಂದು ತುಳಸಿಕಟ್ಟೆಗೆ ಹಚ್ಚಿಸಬೇಡಿ.