ಮಗ್ಗುಲು ಬದಲಿಸಿದರೆ ಕೋಣೆಯೇ ತಿರುಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 58 ವರ್ಷ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಇಡೀ ಕೋಣೆ ಗಿರ್ರನೆ ತಿರುಗುತ್ತದೆ. ಅರ್ಧ ನಿಮಿಷಕ್ಕೆ ನಿಲ್ಲುತ್ತದೆ. ತಲೆ ಎತ್ತಿ ಮೇಲಿನ ಕಪಾಟು ನೋಡಿದರೂ ಹಾಗೇ. ಕಿವಿ ಚೆನ್ನಾಗಿಯೇ ಕೇಳುತ್ತದೆ. ಎಕ್ಸ್‌ರೇ ನೋಡಿ ಕತ್ತಿನ ಮೂಳೆ ಸವೆದಿದೆ ಎಂದರು. ಎರಡು ತಿಂಗಳಿಂದ ತಲೆಸುತ್ತಿನ ಮಾತ್ರೆ ನುಂಗುತ್ತಿದ್ದೇನೆ, ಕಡಿಮೆಯಾಗಿಲ್ಲ. ಬೀಳುತ್ತೇನೆಂಬ ಭಯಕ್ಕೆ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಉತ್ತರ: ನೀವು ಹೇಳಿದ ಲಕ್ಷಣ ಕತ್ತಿನದ್ದಲ್ಲ, ಕಿವಿಯೊಳಗಿನದ್ದು ಅನಿಸುತ್ತದೆ. ನಿಮ್ಮ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ಕತ್ತಿನ ಸವೆತ ಬಹಳ ಜನರಲ್ಲಿ ಕಾಣುತ್ತದೆ. ಸುಮ್ನೆ ಅದರ ಮೇಲೆ ತಪ್ಪು ಹೊರಿಸುವುದು ಬೇಡ.

ಒಳಕಿವಿಯಲ್ಲಿ ಮೈಯ ಸಮತೋಲನ ಕಾಯುವ ಭಾಗವಿದೆ. ಅಲ್ಲಿ ಕ್ಯಾಲ್ಸಿಯಂನ ಸಣ್ಣ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ಕೆಲವು ಕಳಚಿ ಪಕ್ಕದ ದ್ರವ ತುಂಬಿದ ಕೊಳವೆಗೆ ಜಾರುತ್ತವೆ. ತಲೆ ಹೊರಳಿಸಿದಾಗ ಅವು ಉರುಳಿ ದ್ರವವನ್ನು ಕದಲಿಸುತ್ತವೆ. ನೀವು ಸುಮ್ಮನೆ ಮಲಗಿದ್ದರೂ ಮಿದುಳಿಗೆ ತಿರುಗಿದ ಸುದ್ದಿ ಹೋಗುತ್ತದೆ. ಹರಳು ನಿಂತರೆ ಸುತ್ತೂ ನಿಲ್ಲುತ್ತದೆ. ಇದನ್ನು ಬಿಪಿಪಿವಿ ಎನ್ನುತ್ತಾರೆ.

ಜಾರಿದ ಹರಳನ್ನು ಮಾತ್ರೆ ಮತ್ತೆ ಮೇಲಕ್ಕೆ ಹತ್ತಿಸುತ್ತದಾ? ಇಲ್ಲ ಅಲ್ವಾ. ಅದನ್ನು ತಲೆ ತಿರುಗಿಸಿಯೇ ಹೊರತರಬೇಕು. ಇಎನ್‌ಟಿ ವೈದ್ಯರು ನಿಮ್ಮನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸುತ್ತಾರೆ. ಎರಡು ಮೂರು ಸೆಕೆಂಡು ಬಿಟ್ಟು ಸುತ್ತು ಶುರುವಾಗುತ್ತದೆ, ಕಣ್ಣುಗುಡ್ಡೆ ತಾನಾಗಿ ಜಗ್ಗಿ ಜಗ್ಗಿ ಆಡುತ್ತದೆ. ಭಯವಾದರೂ ಕಣ್ಣು ಮುಚ್ಚಬೇಡಿ. ಯಾವ ಕಿವಿ, ಯಾವ ಕೊಳವೆ ಎಂದು ಆ ಕಣ್ಣೇ ಹೇಳುತ್ತದೆ, ಯಾವ ಸ್ಕ್ಯಾನೂ ಹೇಳುವುದಿಲ್ಲ. ಆಮೇಲೆ ಎಪ್ಲಿ ಎಂಬ ಕ್ರಮ. ತಲೆ ಎಡಕ್ಕೆ, ಮೈಯೂ ಎಡಕ್ಕೆ, ಮೂಗು ನೆಲದ ಕಡೆಗೆ, ಕೊನೆಗೆ ಎದ್ದು ಕೂರುವುದು. ಒಂದೊಂದು ಭಂಗಿಯಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ. ಹೆಚ್ಚಿನವರಿಗೆ ಒಂದೆರಡು ಸಲ ಮಾಡಿದರೆ ಸಾಕಾಗುತ್ತದೆ. ಕೆಲವರಿಗೆ ಮುಂದೆ ಮರಳಿ ಬರಬಹುದು, ಆಗ ಮತ್ತೆ ಇದನ್ನೇ ಮಾಡುತ್ತಾರೆ. ಕತ್ತು ನೋವಿದ್ದರೆ ಮೊದಲೇ ಹೇಳಿ.

ಮಾತ್ರೆ ಇನ್ನೂ ಬೇಕಾ ಎಂದು ಖಂಡಿತ ಕೇಳಿ. ಕೆಲವು ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮಂಪರು ಬರುತ್ತದೆ, ವಯಸ್ಸಾದವರಲ್ಲಿ ಕೈ ನಡುಗುವುದೂ ಉಂಟು. ಬೀಳುವ ಅಪಾಯ ಜಾಸ್ತಿಯಾಗುತ್ತದೆ. ನನಗೆ ತುಂಬಾ ಬೇಸರ ತರುವ ವಿಷಯ ಇದು.

ಚಿಕಿತ್ಸೆಯ ನಂತರ ಕೆಲವು ದಿನ ತೇಲಿದಂತೆ ಅನಿಸಿದರೆ ಹೆದರಬೇಡಿ. ಆದರೆ ಮನೆಯೊಳಗೇ ಕೂರಬೇಡಿ. ಮಿದುಳು ಸಮತೋಲನವನ್ನು ಮತ್ತೆ ಕಲಿಯುವುದು ಓಡಾಡಿದರೆ ಮಾತ್ರ. ಮೊದಲು ಯಾರನ್ನಾದರೂ ಜೊತೆಗೆ ಕರೆದುಕೊಂಡು ನಡೆಯಿರಿ. ರಾತ್ರಿ ಎದ್ದರೆ ದೀಪ ಹಾಕಿ, ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಆಮೇಲೆ ನಿಲ್ಲಿ.

ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೂ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.