ಹೊಟ್ಟೆಯ ಹುಳಿ ಬೇರೆ, ರಕ್ತದ ಹುಳಿ ಬೇರೆ

ಹಾಸನದಲ್ಲಿ ಕುಳಿತು ಮೂತ್ರಪಿಂಡದ ರೋಗಿಗಳನ್ನು ನೋಡುವ ನನಗೆ ಈ ಪ್ರಶ್ನೆ ವಾರಕ್ಕೆ ಮೂರು ಬಾರಿಯಾದರೂ ಎದುರಾಗುತ್ತದೆ. ಒಮ್ಮೆ ಬರೆದುಬಿಡುತ್ತೇನೆ.

ಅಪ್ಪನಿಗೆ 62 ವರ್ಷ. ಕ್ರಿಯಾಟಿನಿನ್ 3.2, ಬೈಕಾರ್ಬನೇಟ್ 16. ದೇಹದಲ್ಲಿ ಆಸಿಡ್ ಹೆಚ್ಚಾಗಿದೆ ಎಂದರು. ಆರು ತಿಂಗಳಿಂದ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ಕೊಡುತ್ತಿದ್ದೇವೆ, ನಿಂಬೆಹುಳಿ ನಿಲ್ಲಿಸಿದ್ದೇವೆ. ಆದರೂ ಏಕೆ ಇಳಿದಿಲ್ಲ? (ಸಕಲೇಶಪುರ)

ಇಳಿಯುವುದೂ ಇಲ್ಲ. ಗ್ಯಾಸ್ ಮಾತ್ರೆ ಕೆಲಸ ಮಾಡುವುದು ಜಠರದಲ್ಲಿ. ನಿಮ್ಮ ತಂದೆಯವರ ತೊಂದರೆ ಇರುವುದು ರಕ್ತದಲ್ಲಿ. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಹೊರಹಾಕಬೇಕಾದ ಕಸ, ಅದು ಏರಿದರೆ ಮೂತ್ರಪಿಂಡ ಸೋಲುತ್ತಿದೆ ಎಂದರ್ಥ. ಬೈಕಾರ್ಬನೇಟ್ ಎಂದರೆ ಆಮ್ಲವನ್ನು ತಣಿಸುವ ರಕ್ತದ ಕ್ಷಾರ, ಆಮ್ಲ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಆ ಮಾತ್ರೆಯನ್ನು ಯಾರು ಬರೆದುಕೊಟ್ಟರು ಎಂದು ನೀವು ತಿಳಿಸಿಲ್ಲ. ಔಷಧಿ ಅಂಗಡಿಯವರೇ ಇರಬೇಕು. ಅದನ್ನು ತಿಂಗಳುಗಟ್ಟಲೆ ನುಂಗಿದ ಕೆಲವರಲ್ಲಿ ಮೂತ್ರಪಿಂಡಕ್ಕೇ ಉರಿಯೂತ ಬರುವುದುಂಟು. ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಿ.

ನಿಂಬೆಯ ಹುಳಿಯನ್ನು ದೇಹ ಸುಟ್ಟು ಉಸಿರಿನಲ್ಲಿ ಹೊರಗೆ ಕಳಿಸುತ್ತದೆ. ಉಸಿರಿನಲ್ಲಿ ಹೋಗಲಾರದ ಆಮ್ಲ ಹುಟ್ಟುವುದು ಮುಖ್ಯವಾಗಿ ಮಾಂಸ, ಮೀನು, ಮೊಟ್ಟೆಯ ಪ್ರೋಟೀನಿನಲ್ಲಿರುವ ಗಂಧಕದಿಂದ. ಅದನ್ನು ಹೊರಹಾಕಲು ಮೂತ್ರಪಿಂಡ ಅಮೋನಿಯಾ ತಯಾರಿಸಿ, ಆಮ್ಲವನ್ನು ಅದಕ್ಕೆ ಕಟ್ಟಿ ಮೂತ್ರದಲ್ಲಿ ಸಾಗಿಸುತ್ತದೆ. ಕಾಫಿ ಕುಯ್ಲಿನ ದಿನ ಹತ್ತು ಆಳಿನಲ್ಲಿ ಏಳು ಮಂದಿ ಬಾರದಿದ್ದರೆ ಏನಾಗುತ್ತದೆಂದು ಸಕಲೇಶಪುರದವರಿಗೆ ನಾನು ಹೇಳಬೇಕಿಲ್ಲ. ಉಳಿದ ಮೂವರ ಬೆನ್ನು ಮುರಿಯುತ್ತದೆ. ಅಳಿದುಳಿದ ನೆಫ್ರಾನುಗಳ (ಮೂತ್ರಪಿಂಡದೊಳಗಿನ ಸೂಕ್ಷ್ಮ ಸೋಸು ಘಟಕಗಳ) ಪಾಡೂ ಅದೇ: ಒಂದೊಂದೂ ತನ್ನ ಪಾಲಿಗಿಂತ ಹೆಚ್ಚು ಅಮೋನಿಯಾ ತಯಾರಿಸುತ್ತದೆ, ಅದು ಅಲ್ಲೇ ಜಮೆಯಾಗಿ ಉರಿಯೂತ ಎಬ್ಬಿಸುತ್ತದೆ, ಅಂಗಾಂಶ ಗಾಯಗೊಂಡು ಗಟ್ಟಿಯಾಗುತ್ತದೆ. ಕಾಯಿಲೆಯಿಂದ ಆಮ್ಲ, ಆಮ್ಲದಿಂದ ಮತ್ತಷ್ಟು ಕಾಯಿಲೆ.

ಇಷ್ಟರ ಮೇಲೆ ಆಮ್ಲವನ್ನು ತಣಿಸಲು ದೇಹ ಮೂಳೆಯ ಕ್ಷಾರವನ್ನು ಎರವಲು ಪಡೆಯುತ್ತದೆ, ಸ್ನಾಯುವನ್ನೂ ಕರಗಿಸುತ್ತದೆ. ನನ್ನ ಕೋಣೆಯ ಕುರ್ಚಿಯಿಂದ ಏಳುವಾಗ ರೋಗಿ ಎರಡೂ ಕೈ ಊರಿದರೆ ನಾನು ಬೈಕಾರ್ಬನೇಟ್ ವರದಿ ಹುಡುಕುತ್ತೇನೆ. ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಿರುತ್ತಾರೆ.

ಚಿಕಿತ್ಸೆ ಅಗ್ಗದ್ದು: ಸೋಡಿಯಂ ಬೈಕಾರ್ಬನೇಟ್ ಮಾತ್ರೆ. ಲಂಡನ್ನಿನಲ್ಲಿ 134 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂತ್ರಪಿಂಡದ ಕುಸಿತ ನಿಧಾನವಾಯಿತು. ಬ್ರಿಟನ್ನಿನಲ್ಲೇ 60 ದಾಟಿದ 300 ಮಂದಿಯ ಮೇಲೆ ನಡೆದು 2020ರಲ್ಲಿ ಬಂದ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಹಾಗಾಗಿ ಬೈಕಾರ್ಬನೇಟ್ 21 ಇದ್ದವರಿಗೆಲ್ಲ ನಾನು ಮಾತ್ರೆ ಬರೆಯುವುದಿಲ್ಲ. 18ಕ್ಕಿಂತ ಕೆಳಗಿಳಿದರೆ ಕಾಯುವುದೂ ಇಲ್ಲ. ನಿಮ್ಮ ತಂದೆಯವರದು 16. ಈ ವಾರವೇ ಕರೆದೊಯ್ಯಿರಿ.

ಇದನ್ನು ಓದಿ, ಅದೂ ಸೋಡಿಯಂ ಬೈಕಾರ್ಬನೇಟೇ ಅಲ್ಲವೇ ಎಂದು ಅಡುಗೆ ಸೋಡಾ ಡಬ್ಬಿಗೆ ಕೈ ಹಾಕುವವರಿದ್ದಾರೆ, ಗೊತ್ತು. ಒಂದು ಟೀ ಚಮಚದಲ್ಲಿ 500 ಮಿಲಿಗ್ರಾಂನ ಸುಮಾರು ಹತ್ತು ಮಾತ್ರೆಗಳಷ್ಟು ಸೋಡಾ, ಅದರೊಳಗೆ ಒಂದು ಗ್ರಾಂಗೂ ಮೀರಿದ ಸೋಡಿಯಂ. ಹೀಗೆ ಕದಡಿ ಕುಡಿದ ಒಬ್ಬರು ಕಾಲು ಊದಿಸಿಕೊಂಡು, ಮಲಗಿದರೆ ಉಸಿರುಕಟ್ಟುತ್ತದೆಂದು ರಾತ್ರಿಯಿಡೀ ಜಗುಲಿಯಲ್ಲಿ ಕೂತಿದ್ದು ಮರುದಿನ ನನ್ನ ಬಳಿ ಬಂದರು.

ತರಕಾರಿ, ಹಣ್ಣು ಆಮ್ಲದ ಹೊರೆ ಇಳಿಸುತ್ತವೆ, ನಿಜ. ಆದರೆ ಅವುಗಳಲ್ಲಿನ ಪೊಟ್ಯಾಸಿಯಂ ಅನ್ನು ಸೋತ ಮೂತ್ರಪಿಂಡ ಸರಿಯಾಗಿ ಹೊರಹಾಕಲಾರದು, ಅದರ ವರದಿ ನೋಡದೆ ಹೆಚ್ಚಿಸಬೇಡಿ. ನಮ್ಮ ಜಿಲ್ಲೆಯ ಆಲೂಗಡ್ಡೆಯನ್ನು ಬಿಡಲಾಗದಿದ್ದರೆ ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ.

ಕ್ಷಾರೀಯ ನೀರಿನ ಯಂತ್ರ ಕೊಳ್ಳಬಹುದೇ? (ಚಿಕ್ಕಮಗಳೂರು)

ಮಾರುವವನ ಮೂತ್ರಪಿಂಡ ಚೆನ್ನಾಗಿದೆ. ನಿಮ್ಮ ದುಡ್ಡು ಔಷಧಿಗೆ ಇರಲಿ.

ಕ್ರಿಯಾಟಿನಿನ್ ಇಳಿಸುವ ಕಷಾಯ? (ಬೇಲೂರು)

ಇಲ್ಲ. ಕುಡಿದು ನೇರವಾಗಿ ಡಯಾಲಿಸಿಸ್‌ಗೆ ಬಂದವರನ್ನು ಕಂಡಿದ್ದೇನೆ.

ಅರಸೀಕೆರೆಯ ಎಳನೀರು ತಂಪಲ್ಲವೇ?

ತಂಪೇ. ಪೊಟ್ಯಾಸಿಯಂ ಏರಿದ್ದರೆ ಹೃದಯವೂ ತಣ್ಣಗಾಗುತ್ತದೆ.

ಹಿತ್ತಲಲ್ಲಿ ದಾರೆಹುಳಿ ಸಾಕಷ್ಟು ಬಿಟ್ಟಿದೆ. ಅಮ್ಮನಿಗೆ ಮೂತ್ರಪಿಂಡದ ಕಾಯಿಲೆ, ಗೊಜ್ಜು ಕೊಡಬಹುದೇ? (ಮೂಡಿಗೆರೆ)

ಕೇಳಿದ್ದು ಒಳ್ಳೆಯದಾಯಿತು. ಒಂದು ಹೋಳೂ ಬೇಡ, ರಸವೂ ಬೇಡ. ಅದರಲ್ಲಿನ ನರವಿಷವನ್ನು ಸೋತ ಮೂತ್ರಪಿಂಡ ಹೊರಹಾಕಲಾರದು. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಈಗಾಗಲೇ ತಿಂದು ಬಿಕ್ಕಳಿಕೆ ಶುರುವಾಗಿದ್ದರೆ ಸಕ್ಕರೆ ತಿನ್ನಿಸುತ್ತ ಕೂರಬೇಡಿ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೊರಡಿ.